ಪಾಸಾದರೆ ಸಾಲದು, ಲೆಕ್ಕಕ್ಕೂ ಬರಬೇಕು

ಸಂಜೆ ಮೈದಾನದಲ್ಲಿ ಆಡುವ ನಮ್ಮ ವಿದ್ಯಾರ್ಥಿಗಳು ಆಗಾಗ ಕೇಳುವ ಪ್ರಶ್ನೆ ಇದು: "ಸರ್, ಅಮೆರಿಕದಲ್ಲಿ ಚೆನ್ನಾಗಿ ಆಡಿದರೆ ಫೀಸಿಲ್ಲದೆ ಓದಬಹುದಂತೆ, ಹೌದಾ? ಅಲ್ಲೂ ಜೂನಿಯರ್ ಕಾಲೇಜು ಇದೆಯಂತಲ್ಲ?" ಎರಡೂ ಅರ್ಧ ಸತ್ಯ. ಜೂನಿಯರ್ ಕಾಲೇಜು ಇದೆ, ಆದರೆ ಅದು ನಮ್ಮ ಪಿಯು ಅಲ್ಲ. ಆಟಕ್ಕೆ ವಿದ್ಯಾರ್ಥಿವೇತನ ಇದೆ, ಆದರೆ ಅದನ್ನು ಉಳಿಸಿಕೊಳ್ಳುವುದು ಓದಿನಿಂದ. ನಾನು ಲೆಕ್ಕಶಾಸ್ತ್ರ ಕಲಿಸುವವನು. ಈ ವಿಷಯವನ್ನು ನಾನು ಅರಿತುಕೊಂಡದ್ದು ಕೂಡ ಲೆಕ್ಕದ ಪುಸ್ತಕ ನೋಡುವ ಹಾಗೆಯೇ. ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಅಲ್ಲಿಯ ಜೂನಿಯರ್ ಕಾಲೇಜು ಎಂದರೆ ಏನು?

ನಮ್ಮಲ್ಲಿ ಹಿರಿಯರು ಈಗಲೂ ಪದವಿಪೂರ್ವ ಕಾಲೇಜನ್ನು ಜೂನಿಯರ್ ಕಾಲೇಜು ಎನ್ನುತ್ತಾರೆ. ಎಸ್ಸೆಸ್ಸೆಲ್ಸಿ ನಂತರದ ಎರಡು ವರ್ಷ ಅದು. ಅಮೆರಿಕದಲ್ಲಿ 12ನೇ ತರಗತಿ ಮುಗಿದ ಮೇಲಿನ ಎರಡು ವರ್ಷಕ್ಕೆ ಆ ಹೆಸರು. ಅಂದರೆ ಪದವಿಯ ಮೊದಲ ಎರಡು ವರ್ಷವನ್ನು ಒಂದು ಸಣ್ಣ ಕಾಲೇಜಿನಲ್ಲಿ ಓದಿ, ಮೂರನೇ ವರ್ಷಕ್ಕೆ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯಾಗುವ ಏರ್ಪಾಡು. ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಶುರುವಾದ ಕಾಲೇಜು ಈ ಬಗೆಯ ಸಾರ್ವಜನಿಕ ಕಾಲೇಜುಗಳಲ್ಲಿ ಅತ್ಯಂತ ಹಳೆಯದು. ಈಗ ಇವುಗಳಲ್ಲಿ ಹೆಚ್ಚಿನವನ್ನು ಕಮ್ಯುನಿಟಿ ಕಾಲೇಜು ಎಂದು ಕರೆಯುತ್ತಾರೆ. ಫೀಸು ಕಡಿಮೆ, ಪ್ರವೇಶ ಸುಲಭ. ಸುಮಾರು 60 ಕ್ರೆಡಿಟ್ ಮುಗಿಸಿದವರಿಗೆ ಅಸೋಸಿಯೇಟ್ ಡಿಗ್ರಿ ಎಂಬ ಪ್ರಮಾಣಪತ್ರ ಸಿಗುತ್ತದೆ.

ಆಟದಲ್ಲೂ ಇವುಗಳದ್ದು ಪ್ರತ್ಯೇಕ ಲೋಕ. ದೊಡ್ಡ ವಿಶ್ವವಿದ್ಯಾಲಯಗಳ ಕ್ರೀಡೆಯನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಕ್ಯಾಲಿಫೋರ್ನಿಯಾದ ಕೆಲವು ಜೂನಿಯರ್ ಕಾಲೇಜುಗಳು ಎನ್‌ಸಿಎಎ ಅಥ್ಲೆಟಿಕ್ಸ್ ಕೂಟದಲ್ಲಿ ಓಡಲು ಅವಕಾಶ ಕೇಳಿದವು, ಸಿಗಲಿಲ್ಲ. ಆಗ ಅವು ಸೇರಿ 1938ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿಕೊಂಡವು. ಅದೇ ಇಂದಿನ ಎನ್‌ಜೆಸಿಎಎ. ಈಗ ಕ್ಯಾಲಿಫೋರ್ನಿಯಾದ ಕಾಲೇಜುಗಳಿಗೆ ಬೇರೆ ಸಂಸ್ಥೆ ಇದೆ.

ಈ ದಾರಿಯಲ್ಲಿ ದೊಡ್ಡವರೂ ನಡೆದಿದ್ದಾರೆ. 1947ರಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ವರ್ಣಭೇದದ ಗೋಡೆ ಒಡೆದ ಜಾಕಿ ರಾಬಿನ್ಸನ್ ಮೊದಲು ಪ್ಯಾಸಡೀನಾ ಜೂನಿಯರ್ ಕಾಲೇಜಿನಲ್ಲಿ ಓದಿ, ಆಮೇಲೆ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಸೇರಿದವರು. ಅಮೆರಿಕನ್ ಫುಟ್‌ಬಾಲ್‌ನ ಏರನ್ ರಾಜರ್ಸ್ ಬ್ಯೂಟ್ ಕಾಲೇಜಿನಿಂದ ಬರ್ಕ್ಲಿಗೆ ಹೋದವರು. ಶಾಲೆಯಲ್ಲಿ ಅಂಕ ಸಾಲದೆ ಹೋದವರು, ಯಾವ ಕೋಚ್ ಕಣ್ಣಿಗೂ ಇನ್ನೂ ಬೀಳದವರು, ಮನೆಯಲ್ಲಿ ದುಡ್ಡಿಲ್ಲದವರು - ಮೂವರಿಗೂ ಇದು ಎರಡನೇ ಬಾಗಿಲು. ಆದರೆ ಎರಡನೇ ಬಾಗಿಲಿಗೂ ಬೀಗವಿದೆ.

ಬೀಗ ಹಾಕಿದ್ದು ಏಕೆ?

1989ರಲ್ಲಿ ಡೆಕ್ಸ್ಟರ್ ಮ್ಯಾನ್ಲಿ ಎಂಬ ಪ್ರಸಿದ್ಧ ಫುಟ್‌ಬಾಲ್ ಆಟಗಾರ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಬಂದು, ತನಗೆ ಓದಲು ಬರುತ್ತಿರಲಿಲ್ಲ ಎಂದು ಹೇಳಿದರು. ಅವರು ಶಾಲೆ ಮುಗಿಸಿ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಆಡಿದ್ದವರು. ಆಡುವಷ್ಟು ದಿನ ಆಡಿಸಿ, ಓದಿಸದೆ ಹೊರಗೆ ಕಳಿಸುವ ಪದ್ಧತಿ ಎಷ್ಟು ಆಳಕ್ಕೆ ಹೋಗಿತ್ತು ಎಂಬುದಕ್ಕೆ ಅದೊಂದೇ ಸಾಕ್ಷಿ ಸಾಕು.

ಅದಕ್ಕೂ ಮೊದಲೇ, 1983ರಲ್ಲಿ ಎನ್‌ಸಿಎಎ ಒಂದು ನಿಯಮ ಒಪ್ಪಿ 1986ರಿಂದ ಜಾರಿಗೆ ತಂದಿತ್ತು. ಶಾಲೆಯ ಮುಖ್ಯ ವಿಷಯಗಳಲ್ಲಿ ಇಷ್ಟು ಅಂಕ, ಪ್ರವೇಶ ಪರೀಕ್ಷೆಯಲ್ಲಿ ಇಷ್ಟು ಅಂಕ ಇದ್ದರೆ ಮಾತ್ರ ಮೊದಲ ವರ್ಷ ಆಡಬಹುದು ಎಂಬುದು ಅದರ ಸಾರ. ಇದನ್ನು ವಿರೋಧಿಸಿದವರೂ ಇದ್ದರು. ನಿಯಮವನ್ನು ಇನ್ನಷ್ಟು ಬಿಗಿ ಮಾಡಲು ಹೊರಟಾಗ, ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ಥಾಂಪ್ಸನ್ 1989ರ ಜನವರಿಯಲ್ಲಿ ಪಂದ್ಯ ಶುರುವಾಗುವ ಮುಂಚೆ ಅಂಗಣದಿಂದ ಎದ್ದು ಹೊರನಡೆದರು. ಬಡ ಮನೆಯ ಕಪ್ಪು ಮಕ್ಕಳೇ ಇದರಿಂದ ಹೊರಗುಳಿಯುತ್ತಾರೆ ಎಂಬುದು ಅವರ ವಾದ. ಆ ಚರ್ಚೆ ಮೂವತ್ತು ವರ್ಷ ನಡೆದು, ಕೊನೆಗೆ 2023ರಲ್ಲಿ ಪ್ರವೇಶ ಪರೀಕ್ಷೆಯ ಅಂಕವನ್ನು ಎನ್‌ಸಿಎಎ ಕೈಬಿಟ್ಟಿತು. ಈಗ ಉಳಿದಿರುವುದು ತರಗತಿಯ ಓದು. ಮೊದಲ ದರ್ಜೆ, ಅಂದರೆ ಡಿವಿಷನ್ ಒಂದಕ್ಕೆ ಶಾಲೆಯಲ್ಲಿ 16 ಮುಖ್ಯ ಕೋರ್ಸ್‌ಗಳು, ಅವುಗಳಲ್ಲಿ 4ಕ್ಕೆ 2.3 ಸರಾಸರಿ. ಇದನ್ನು ದಾಟಿದವರು 'ಅರ್ಹರು'. ದಾಟದವರು ಜೂನಿಯರ್ ಕಾಲೇಜಿನಲ್ಲಿ ತಮ್ಮನ್ನು ಮತ್ತೆ ಸಾಬೀತು ಮಾಡಿಕೊಳ್ಳಬೇಕು.

ಮೂರು ಜರಡಿಗಳು

ಜೂನಿಯರ್ ಕಾಲೇಜಿನ ಆಟಗಾರ ಗಳಿಸಿದ ಪ್ರತಿ ಕ್ರೆಡಿಟ್ ಮೂರು ಜರಡಿಗಳಲ್ಲಿ ಇಳಿಯಬೇಕು. ಹೆಚ್ಚಿನವರಿಗೆ ಮೊದಲನೆಯದು ಮಾತ್ರ ಕಾಣುತ್ತದೆ.

ಮೊದಲ ಜರಡಿ: ಪಾಸಾಗುವುದು. ಎನ್‌ಜೆಸಿಎಎ ಕಾಲೇಜಿನಲ್ಲಿ ಆಡಬೇಕಾದರೆ ಆ ಸೆಮಿಸ್ಟರ್‌ನಲ್ಲಿ ಕನಿಷ್ಠ 12 ಕ್ರೆಡಿಟ್‌ಗೆ ಸೇರಿರಬೇಕು. ಎರಡನೇ ಋತುವಿಗೆ ಆಡಲು 24 ಕ್ರೆಡಿಟ್ ಪಾಸಾಗಿ, ಸರಾಸರಿ 2.0 ಇರಬೇಕು. ಅಲ್ಲಿ 'ಎ'ಗೆ 4, 'ಬಿ'ಗೆ 3, 'ಸಿ'ಗೆ 2, 'ಡಿ'ಗೆ 1 ಅಂಕ. ಅಂದರೆ ಎಲ್ಲದರಲ್ಲೂ 'ಸಿ' ಬಂದರೆ ಸರಾಸರಿ ಸರಿಯಾಗಿ 2.0. ಆಡಬಹುದು, ಅಸೋಸಿಯೇಟ್ ಡಿಗ್ರಿಯನ್ನೂ ಪಡೆಯಬಹುದು. ಆಟಗಾರನಿಗೆ ಎಲ್ಲ ಸರಿ ಇದೆ ಎನಿಸುತ್ತದೆ.

ಎರಡನೇ ಜರಡಿ: ವರ್ಗಾವಣೆ. ಡಿವಿಷನ್ ಒಂದರ ವಿಶ್ವವಿದ್ಯಾಲಯಕ್ಕೆ ಹೋಗಿ ಕೂಡಲೇ ಆಡಬೇಕಾದರೆ 2.0 ಸಾಲದು, 2.5 ಬೇಕು. 2012ರ ಆಗಸ್ಟ್‌ನಿಂದ ಕಾಲೇಜು ಸೇರಿದವರಿಗೆ ಈ ಅಳತೆ ಬಂತು. ಅದಕ್ಕೂ ಮೊದಲು 2.0 ಸಾಕಿತ್ತು. ಲೆಕ್ಕ ಸರಳ: ಅರ್ಧ ಕೋರ್ಸ್‌ಗಳಲ್ಲಿ 'ಬಿ', ಅರ್ಧದಲ್ಲಿ 'ಸಿ' ಬಂದರೆ 2.5. ಪ್ರತಿ 'ಸಿ'ಗೂ ಜೊತೆಗೊಂದು 'ಬಿ' ಇರಬೇಕು. ಒಂದು 'ಡಿ' ಬಂದರೆ ಅದನ್ನು ಎತ್ತಲು ಒಂದು 'ಎ' ಬೇಕು. ಈ ಸರಾಸರಿಗೆ ಸೇರುವುದು ವಿಶ್ವವಿದ್ಯಾಲಯ ಒಪ್ಪುವ ಕೋರ್ಸ್‌ಗಳು ಮಾತ್ರ. ವ್ಯಾಯಾಮ, ಆಟದ ತರಗತಿಗಳ ಸುಲಭ 'ಎ'ಗಳನ್ನು ರಾಶಿ ಹಾಕಿದರೆ ಪ್ರಯೋಜನವಿಲ್ಲ. ಅವುಗಳಲ್ಲಿ ಎರಡು ಕ್ರೆಡಿಟ್‌ವರೆಗೆ ಮಾತ್ರ ಲೆಕ್ಕ.

ಶಾಲೆಯಲ್ಲಿ ಅರ್ಹತೆ ಪಡೆಯದಿದ್ದವರಿಗೆ ಇನ್ನೂ ಬಿಗಿ. ಕನಿಷ್ಠ ಮೂರು ಪೂರ್ಣ ಸೆಮಿಸ್ಟರ್, ಅಸೋಸಿಯೇಟ್ ಡಿಗ್ರಿ, ವರ್ಗಾವಣೆಯಾಗಬಲ್ಲ 48 ಕ್ರೆಡಿಟ್, ಅದರೊಳಗೆ ಇಂಗ್ಲಿಷ್ 6, ಗಣಿತ 3, ವಿಜ್ಞಾನ 3. ಮೊದಲೇ ಅರ್ಹರಾಗಿದ್ದವರಿಗೆ ಡಿಗ್ರಿ ಕಡ್ಡಾಯವಲ್ಲ. ಓದಿದ ಪ್ರತಿ ಸೆಮಿಸ್ಟರ್‌ಗೆ ಸರಾಸರಿ 12 ವರ್ಗಾವಣೆ ಕ್ರೆಡಿಟ್ ಮತ್ತು 2.5 ಇದ್ದರೆ ಆಯಿತು. ಡಿವಿಷನ್ ಎರಡರಲ್ಲಿ ಸರಾಸರಿ 2.2 ಸಾಕು. ಡಿವಿಷನ್ ಮೂರರಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನವೇ ಇಲ್ಲ.

ಮೂರನೇ ಜರಡಿ: ಪದವಿಗೆ ಸೇರುವುದು. ಇದು ಅತ್ಯಂತ ಸಣ್ಣ ಕಣ್ಣಿನ ಜರಡಿ. ಡಿವಿಷನ್ ಒಂದರಲ್ಲಿ ಮೂರನೇ ವರ್ಷಕ್ಕೆ ಕಾಲಿಡುವ ಆಟಗಾರ ತಾನು ಆಯ್ದುಕೊಂಡ ಪದವಿಯ ಶೇ. 40ರಷ್ಟನ್ನು ಮುಗಿಸಿರಬೇಕು. ನಾಲ್ಕನೇ ವರ್ಷಕ್ಕೆ ಶೇ. 60, ಐದನೇ ವರ್ಷಕ್ಕೆ ಶೇ. 80. ಪದವಿ 120 ಕ್ರೆಡಿಟ್‌ನದ್ದಾದರೆ ಈ ಮೆಟ್ಟಿಲುಗಳು 48, 72, 96. ವಿಶ್ವವಿದ್ಯಾಲಯ ಒಂದು ಕೋರ್ಸನ್ನು ಒಪ್ಪಿಕೊಂಡ ಮಾತ್ರಕ್ಕೆ ಅದು ನಿಮ್ಮ ಪದವಿಯಲ್ಲಿ ಜಾಗ ಪಡೆಯುವುದಿಲ್ಲ. ಬಿಕಾಂ ಓದುವವನ ಅಂಕಪಟ್ಟಿಯಲ್ಲಿ ಸಸ್ಯಶಾಸ್ತ್ರದ ಪೇಪರ್ ಇದ್ದ ಹಾಗೆ: ಸುಳ್ಳಲ್ಲ, ಆದರೆ ಬಿಕಾಂ ಮುಗಿಸಲು ಉಪಯೋಗವಿಲ್ಲ.

ನನ್ನ ಅಕ್ಕನ ಮಗನ ಲೆಕ್ಕ

ನಾನು ಇದನ್ನೆಲ್ಲ ಓದಲು ಕೂತದ್ದು ನನ್ನ ಅಕ್ಕನ ಮಗನಿಂದಾಗಿ. ಅಕ್ಕ-ಭಾವ ಅಮೆರಿಕದಲ್ಲಿದ್ದಾರೆ. ಹುಡುಗ ಅಲ್ಲೇ ಶಾಲೆ ಮುಗಿಸಿ, ಒಂದು ಜೂನಿಯರ್ ಕಾಲೇಜಿನಲ್ಲಿ ಎರಡು ವರ್ಷ ಸಾಕರ್ ಆಡಿದ, ನಾವು ಫುಟ್‌ಬಾಲ್ ಎನ್ನುವ ಆಟ. ಡಿವಿಷನ್ ಒಂದರ ಒಂದು ವಿಶ್ವವಿದ್ಯಾಲಯ ಅವನನ್ನು ತಂಡಕ್ಕೆ ಕರೆಯಿತು. ಮನೆಯಲ್ಲಿ ಸಿಹಿ ಹಂಚಿದ್ದೂ ಆಯಿತು. ಜುಲೈ ಕೊನೆಯಲ್ಲಿ ಫೋನ್ ಬಂತು. "ಮಾಮೂ, ಒಂದರಲ್ಲೂ ಫೇಲ್ ಆಗಿಲ್ಲ. ಆದರೂ ಈ ವರ್ಷ ಆಡೋ ಹಾಗಿಲ್ಲ ಅಂತಾರೆ."

ಅಂಕಪಟ್ಟಿ ಕಳಿಸು ಎಂದೆ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದು ಒಂದೊಂದೇ ಕೋರ್ಸ್ ಬರೆದೆ.

ಮೊದಲ ಕಾಲಂ, ಪಾಸಾದದ್ದು: 63 ಕ್ರೆಡಿಟ್. ಇದರಲ್ಲಿ 6 ಕ್ರೆಡಿಟ್ ಬುನಾದಿ ಗಣಿತ, ಬುನಾದಿ ಇಂಗ್ಲಿಷ್. ಅವು ಶಾಲೆಯ ಮಟ್ಟದ ಪುನರಾವರ್ತನೆ, ವರ್ಗಾವಣೆಗೆ ಬರುವುದಿಲ್ಲ. 3 ಕ್ರೆಡಿಟ್ ವೆಲ್ಡಿಂಗ್. ವೃತ್ತಿ ತರಬೇತಿಯ ಕೋರ್ಸ್ ಆದ್ದರಿಂದ ಅದನ್ನೂ ವಿಶ್ವವಿದ್ಯಾಲಯ ಒಪ್ಪಲಿಲ್ಲ. ಎರಡನೇ ಕಾಲಂ, ವರ್ಗಾವಣೆಯಾದದ್ದು: 54. ನಾಲ್ಕು ಸೆಮಿಸ್ಟರ್‌ಗೆ 48 ಇದ್ದರೆ ಸಾಕಿತ್ತು; ಸರಾಸರಿಯೂ 2.6 ಇತ್ತು. ಇಲ್ಲಿಯವರೆಗೆ ಹುಡುಗ ಗೆದ್ದಿದ್ದ.

ಮೂರನೇ ಕಾಲಂನಲ್ಲಿ ಬಿದ್ದ. ಅವನು ಆಯ್ದುಕೊಂಡದ್ದು ಕಂಪ್ಯೂಟರ್ ಸೈನ್ಸ್. ಆ ಪದವಿಯ ಗಣಿತ ಕ್ಯಾಲ್ಕುಲಸ್‌ನಿಂದ ಶುರು. ಅವನು ಓದಿದ್ದು ಬೀಜಗಣಿತ, 3 ಕ್ರೆಡಿಟ್ ಹೋಯಿತು. ಕಂಪ್ಯೂಟರ್ ಬಳಕೆಯ ಪ್ರಾಥಮಿಕ ಕೋರ್ಸ್ ಪದವಿಗೆ ಸೇರುವುದಿಲ್ಲ, ಇನ್ನೊಂದು 3. ಸಮಾಜ ವಿಜ್ಞಾನದಲ್ಲಿ ಬೇಕಾದದ್ದಕ್ಕಿಂತ ಎರಡು ಕೋರ್ಸ್ ಹೆಚ್ಚು ಮಾಡಿದ್ದ, 6. ಒಟ್ಟು 12 ಹೋಗಿ ಉಳಿದದ್ದು 42. ಬೇಕಿದ್ದದ್ದು 48.

ಕೊರತೆ ಆರು ಕ್ರೆಡಿಟ್, ಅಂದರೆ ಎರಡು ಕೋರ್ಸ್. ಮೇ ತಿಂಗಳಲ್ಲಿ ಗೊತ್ತಾಗಿದ್ದರೆ ಬೇಸಿಗೆ ತರಗತಿಯಲ್ಲಿ ಮುಗಿಯುತ್ತಿತ್ತು. ಜುಲೈ ಕೊನೆಯಲ್ಲಿ ಬೇಸಿಗೆ ತರಗತಿಯೂ ಮುಗಿದಿತ್ತು. ಅಲ್ಲಿ ಕಾಲೇಜು ಸಾಕರ್ ನಡೆಯುವುದು ಆಗಸ್ಟ್‌ನಿಂದ ಚಳಿಗಾಲದೊಳಗೆ. ಆ ಋತು ತಪ್ಪಿದರೆ ಮುಂದಿನದು ಒಂದು ವರ್ಷದ ಮೇಲೆ. ಎರಡು ಕೋರ್ಸಿಗೆ ಒಂದು ವರ್ಷ ತೆತ್ತ.

ಅವನು ಆ ವರ್ಷ ತಂಡದೊಂದಿಗೆ ಅಭ್ಯಾಸ ಮಾಡಿದ, ಪಂದ್ಯ ಆಡಲಿಲ್ಲ. ಮುಂದಿನ ಮೆಟ್ಟಿಲು 72 ಎಂಬುದು ಈಗ ಗೊತ್ತಿತ್ತು. 42ಕ್ಕೆ 30 ಸೇರಿಸಬೇಕು. ಸೆಮಿಸ್ಟರ್‌ಗೆ 15ರಂತೆ, ಒಂದನ್ನೂ ಬಿಡದೆ, ಒಂದೂ ಹೊರಗಿನ ಕೋರ್ಸ್ ತೆಗೆದುಕೊಳ್ಳದೆ ಮಾಡಿದ. ಸರಿಯಾಗಿ 72ಕ್ಕೆ ಬಂದು ನಿಂತು, ಮರುವರ್ಷ ಮೈದಾನಕ್ಕಿಳಿದ. ಅವನಿಗೆ ದಡ್ಡತನವಿರಲಿಲ್ಲ, ಸೋಮಾರಿತನವೂ ಇರಲಿಲ್ಲ. ಮೂರನೇ ಕಾಲಂ ಇದೆ ಎಂದು ಎರಡು ವರ್ಷ ಅವನಿಗೆ ಯಾರೂ ಹೇಳಿರಲಿಲ್ಲ.

ನಿಲ್ಲದ ಗಡಿಯಾರ

ಕಳೆದ ವರ್ಷ ಮರಳಿ ಬರುವುದಿಲ್ಲ ಎನ್ನಲು ಇನ್ನೊಂದು ಕಾರಣವಿದೆ. ಡಿವಿಷನ್ ಒಂದರಲ್ಲಿ ಹಲವು ವರ್ಷಗಳಿಂದ ಇರುವ ನಿಯಮ: ಐದು ವರ್ಷದೊಳಗೆ ನಾಲ್ಕು ಋತು. ಯಾವುದೇ ಕಾಲೇಜಿಗೆ ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರಿದ ದಿನ ಈ ಗಡಿಯಾರ ಶುರು. ಜೂನಿಯರ್ ಕಾಲೇಜಿನ ವರ್ಷಗಳೂ ಅದರಲ್ಲಿ ಸೇರುತ್ತವೆ. ಡಿವಿಷನ್ ಎರಡರಲ್ಲಿ ವರ್ಷದ ಬದಲು ಹತ್ತು ಪೂರ್ಣ ಸೆಮಿಸ್ಟರ್‌ಗಳ ಲೆಕ್ಕ. ಓದು ನಿಲ್ಲಿಸಿದರೆ ಗಡಿಯಾರವೂ ನಿಲ್ಲುತ್ತದೆ.

ಈ ನಿಯಮ ಈಚೆಗೆ ನ್ಯಾಯಾಲಯದ ಮೆಟ್ಟಿಲೇರಿತು. ಡಿಯೆಗೊ ಪಾವಿಯಾ ಎಂಬ ಫುಟ್‌ಬಾಲ್ ಆಟಗಾರ ನ್ಯೂ ಮೆಕ್ಸಿಕೋದ ಜೂನಿಯರ್ ಕಾಲೇಜೊಂದರಲ್ಲಿ 2021ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದಲ್ಲಿದ್ದವರು, ನಂತರ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪರ ಆಡಿದರು. ಜೂನಿಯರ್ ಕಾಲೇಜಿನ ಋತುಗಳನ್ನು ತನ್ನ ನಾಲ್ಕರಲ್ಲಿ ಸೇರಿಸಬಾರದು ಎಂದು ಅವರು ದಾವೆ ಹೂಡಿದರು. 2024ರ ಡಿಸೆಂಬರ್‌ನಲ್ಲಿ ಟೆನೆಸಿಯ ಫೆಡರಲ್ ನ್ಯಾಯಾಲಯ ಅವರ ಪರವಾಗಿ ಮಧ್ಯಂತರ ಆದೇಶ ಕೊಟ್ಟಿತು. ಅದೇ ಸ್ಥಿತಿಯಲ್ಲಿದ್ದ ಇತರರಿಗೂ ಎನ್‌ಸಿಎಎ ಒಂದು ವರ್ಷದ ವಿನಾಯಿತಿ ನೀಡಿತು. ಆದರೆ ಈ ಆದೇಶ ಋತುಗಳ ಎಣಿಕೆಯ ಬಗ್ಗೆ. ನ್ಯಾಯಾಲಯಕ್ಕೆ ಹೋದರೆ ಒಂದು ಋತು ಸಿಗಬಹುದು, ಪಾಸಾಗದ ಕ್ಯಾಲ್ಕುಲಸ್ ಸಿಗುವುದಿಲ್ಲ.

ಒಳ್ಳೆಯ ಯೋಜನೆ ಹೇಗಿರುತ್ತದೆ?

ನೆಟ್‌ಫ್ಲಿಕ್ಸ್‌ನ 'ಲಾಸ್ಟ್ ಚಾನ್ಸ್ ಯು' ಸಾಕ್ಷ್ಯಚಿತ್ರ ಸರಣಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 2016ರಲ್ಲಿ ಬಂದ ಮೊದಲ ಭಾಗ ಮಿಸಿಸಿಪಿಯ ಸ್ಕೂಬಾ ಎಂಬ ಪುಟ್ಟ ಊರಿನ ಜೂನಿಯರ್ ಕಾಲೇಜಿನ ಫುಟ್‌ಬಾಲ್ ತಂಡದ ಕಥೆ. ಅದರಲ್ಲಿ ಜನ ನೆನಪಿಟ್ಟುಕೊಂಡದ್ದು ಆಟಗಾರರಿಗಿಂತ ಹೆಚ್ಚಾಗಿ ಓದಿನ ಸಲಹೆಗಾರ್ತಿ ಬ್ರಿಟನಿ ವ್ಯಾಗ್ನರ್ ಅವರನ್ನು. ತರಗತಿಗೆ ಹೋದೆಯಾ, ಪೆನ್ಸಿಲ್ ಇದೆಯಾ ಎಂದು ಆಳೆತ್ತರದ ಹುಡುಗರ ಬೆನ್ನು ಬೀಳುವುದು ಅವರ ದಿನಚರಿ. ಆ ಹುಡುಗರ ಮುಂದಿನ ದಾರಿ ಕೋಚ್‌ನಷ್ಟೇ ಅವರ ಕೈಯಲ್ಲೂ ಇತ್ತು.

ಅಂಥ ಸಲಹೆಗಾರರು ಕೆಲಸವನ್ನು ಕೊನೆಯಿಂದ ಶುರು ಮಾಡುತ್ತಾರೆ. ಮೊದಲು ಯಾವ ಪದವಿ ಎಂದು ನಿರ್ಧಾರ. ಆಮೇಲೆ ಆ ಪದವಿ ಇರುವ ಮೂರು-ನಾಲ್ಕು ವಿಶ್ವವಿದ್ಯಾಲಯಗಳ ಪಟ್ಟಿ. ಅಲ್ಲಿ ಯಾವ ಕೋರ್ಸ್ ಇಲ್ಲಿಯ ಯಾವ ಕೋರ್ಸಿಗೆ ಸಮ ಎಂದು ಹುಡುಕುವುದು. ಕ್ಯಾಲಿಫೋರ್ನಿಯಾದಲ್ಲಿ 'ಅಸಿಸ್ಟ್' ಎಂಬ ಸಾರ್ವಜನಿಕ ಪಟ್ಟಿಯೇ ಇದೆ. ಕಮ್ಯುನಿಟಿ ಕಾಲೇಜಿನ ಕೋರ್ಸ್ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಯಾವುದಕ್ಕೆ ಸಮ ಎಂದು ಯಾರು ಬೇಕಾದರೂ ನೋಡಬಹುದು. ಇದೆಲ್ಲ ಮೊದಲ ಸೆಮಿಸ್ಟರ್‌ನಲ್ಲೇ ಆಗಬೇಕಾದ ಕೆಲಸ.

ಎರಡನೆಯದು, ಗಣಿತವನ್ನು ಮುಂದೂಡಬಾರದು. ಅದು ಏಣಿಯ ಹಾಗೆ. ಬುನಾದಿ ಗಣಿತ, ಬೀಜಗಣಿತ, ಕ್ಯಾಲ್ಕುಲಸ್ ಒಂದರ ಮೇಲೊಂದು. ಒಂದೊಂದಕ್ಕೆ ಒಂದು ಸೆಮಿಸ್ಟರ್ ಆದರೂ ಒಂದೂವರೆ ವರ್ಷ ಹೋಗುತ್ತದೆ. ಬುನಾದಿ ತರಗತಿಗಳಲ್ಲೇ ಸಿಕ್ಕಿಬಿದ್ದು ವಿದ್ಯಾರ್ಥಿಗಳು ಮೇಲೇರುವುದಿಲ್ಲ ಎಂದು ಕಂಡುಕೊಂಡ ಕ್ಯಾಲಿಫೋರ್ನಿಯಾ, ಸಾಧ್ಯವಾದಷ್ಟು ಮಂದಿಯನ್ನು ಒಂದು ವರ್ಷದೊಳಗೆ ವರ್ಗಾವಣೆ ಮಟ್ಟದ ಇಂಗ್ಲಿಷ್, ಗಣಿತ ಮುಗಿಸುವಂತೆ ಮಾಡಲು 2017ರಲ್ಲಿ ಕಾನೂನೇ ತಂದಿತು.

ಮೂರನೆಯದು, ಮಾತನ್ನು ಬರಹದಲ್ಲಿ ಪಡೆಯುವುದು. ತಂಡಕ್ಕೆ ಕರೆಯುವ ಕೋಚ್ "ಎಲ್ಲ ಸರಿಯಾಗುತ್ತದೆ" ಎನ್ನಬಹುದು. ಅರ್ಹತೆ ನಿರ್ಧರಿಸುವುದು ಕೋಚ್ ಅಲ್ಲ, ವಿಶ್ವವಿದ್ಯಾಲಯದಲ್ಲಿ ಆ ನಿಯಮಗಳನ್ನು ನೋಡಿಕೊಳ್ಳುವ ಕಚೇರಿ. ಯಾವ ಕೋರ್ಸ್ ಪದವಿಗೆ ಸೇರುತ್ತದೆ ಎಂಬ ಪಟ್ಟಿಯನ್ನು ಅಲ್ಲಿಂದ ವಸಂತ ಸೆಮಿಸ್ಟರ್ ಮುಗಿಯುವ ಮುಂಚೆ ಪಡೆದರೆ, ಕೊರತೆ ತುಂಬಲು ಬೇಸಿಗೆ ಉಳಿಯುತ್ತದೆ. ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ, ಹೋಗುವ ವರ್ಷದ ಕೈಪಿಡಿಯನ್ನೇ ನೋಡಬೇಕು. ಅಣ್ಣನ ಕಾಲದ ಅಂಕಿಗಳನ್ನು ನಂಬಿ ಕೂರಬಾರದು. ಪದವಿ ಬದಲಿಸುವ ಮುಂಚೆಯೂ ಇದೇ ಪ್ರಶ್ನೆ ಕೇಳಬೇಕು. ಪದವಿ ಬದಲಾದರೆ ಮೂರನೇ ಕಾಲಂ ಪೂರ್ತಿ ಹೊಸದಾಗಿ ಬರೆಯಬೇಕಾಗುತ್ತದೆ.

ನಮ್ಮ ವಿದ್ಯಾರ್ಥಿಗಳಿಗೆ

ಭಾರತದಲ್ಲಿ ಓದಿ ನೇರ ಅಮೆರಿಕದ ವಿಶ್ವವಿದ್ಯಾಲಯ ಸೇರಿ ಗೆದ್ದವರಿದ್ದಾರೆ. ದೆಹಲಿಯ ತೇಜಸ್ವಿನ್ ಶಂಕರ್ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ಪರ 2018 ಮತ್ತು 2022ರಲ್ಲಿ ಎನ್‌ಸಿಎಎ ಹೈಜಂಪ್ ಪ್ರಶಸ್ತಿ ಗೆದ್ದರು. ನಮ್ಮ ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಡಿಸ್ಕಸ್ ಎಸೆದವರು. ನಿಮ್ಮಲ್ಲಿ ಯಾರಾದರೂ ಆ ದಾರಿ ಯೋಚಿಸುತ್ತಿದ್ದರೆ, ನೇರವಾಗಿಯೋ ಜೂನಿಯರ್ ಕಾಲೇಜಿನ ಮೂಲಕವೋ, ಈಗಲೇ ಮಾಡಬಹುದಾದ ಕೆಲವು ಕೆಲಸಗಳಿವೆ.

ಎನ್‌ಸಿಎಎ ವಿದೇಶಿ ವಿದ್ಯಾರ್ಥಿಗಳಿಂದ 9ನೇ ತರಗತಿಯಿಂದ ಮುಂದಿನ ಎಲ್ಲ ವರ್ಷಗಳ ದಾಖಲೆ ಕೇಳುತ್ತದೆ. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು ಅಂಕಪಟ್ಟಿಗಳನ್ನು ಎಲ್ಲರೂ ಜೋಪಾನ ಮಾಡುತ್ತಾರೆ. 9ನೇ ತರಗತಿಯ ಪ್ರಗತಿಪತ್ರ ಹೆಚ್ಚಿನವರ ಮನೆಯಲ್ಲಿ ಸಿಗುವುದಿಲ್ಲ. ನಿಮ್ಮ ಹಳೆಯ ಶಾಲೆಗೆ ಹೋಗಿ ದೃಢೀಕೃತ ಪ್ರತಿ ಪಡೆದುಕೊಳ್ಳಿ. ಅದು ಕನ್ನಡದಲ್ಲೋ ಉರ್ದುವಿನಲ್ಲೋ ಇದ್ದರೆ ಮೂಲದ ಜೊತೆ ದೃಢೀಕೃತ ಇಂಗ್ಲಿಷ್ ಅನುವಾದವೂ ಬೇಕು.

ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ 12 ಕ್ರೆಡಿಟ್ ಆಟದ ನಿಯಮ ಮಾತ್ರವಲ್ಲ, ವೀಸಾದ ನಿಯಮವೂ ಹೌದು. ಕಷ್ಟವೆಂದು ಒಂದು ಕೋರ್ಸ್ ಕೈಬಿಟ್ಟು 12ಕ್ಕಿಂತ ಕೆಳಗಿಳಿದರೆ ಆಟದ ಜೊತೆ ಅಲ್ಲಿರುವ ಹಕ್ಕಿಗೂ ಕುತ್ತು. ಆ ಲೆಕ್ಕಕ್ಕೆ ಒಂದು ಅವಧಿಯಲ್ಲಿ ಒಂದೇ ಆನ್‌ಲೈನ್ ಕೋರ್ಸ್ ಸೇರುತ್ತದೆ. ಅಲ್ಲಿಯ ಹುಡುಗರು ಆನ್‌ಲೈನ್‌ನಲ್ಲಿ ತುಂಬಿಕೊಳ್ಳುವ ಕೊರತೆಯನ್ನು ನೀವು ತರಗತಿಯಲ್ಲಿ ಕೂತೇ ತುಂಬಬೇಕು.

ಸಹೋದ್ಯೋಗಿಗಳಿಗೂ ಒಂದು ಮಾತು. ತಂಡ ಹೊರ ಊರಿಗೆ ಆಡಲು ಹೋದಾಗ ಹಾಜರಾತಿ ಹೊಂದಿಸಿಕೊಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತು ಎಂದುಕೊಳ್ಳುತ್ತೇವೆ. ತಪ್ಪಿದ ಪಾಠ ಯಾವುದು, ಅದನ್ನು ಯಾವಾಗ ಹೇಳಿಕೊಡುವುದು ಎಂದು ಬರೆದಿಟ್ಟುಕೊಳ್ಳುವುದು ಅದಕ್ಕಿಂತ ದೊಡ್ಡ ಉಪಕಾರ. ಆಡುವ ಮಕ್ಕಳಿಗೆ ಅಮೆರಿಕವೇ ಆಗಬೇಕೆಂದಿಲ್ಲ. ಎಲ್ಲಿ ಹೋದರೂ ಅವರ ಮುಂದೆ ಯಾರೋ ಒಬ್ಬರು ಅಂಕಪಟ್ಟಿ ಕೇಳುತ್ತಾರೆ.

ಈ ಬಗ್ಗೆ ಪ್ರಶ್ನೆ ಇದ್ದವರು ಮಧ್ಯಾಹ್ನದ ಬಿಡುವಿನಲ್ಲಿ ವಾಣಿಜ್ಯ ವಿಭಾಗಕ್ಕೆ ಬನ್ನಿ. ಬರುವಾಗ 9ನೇ ತರಗತಿಯಿಂದ ಈಚಿನ ಅಂಕಪಟ್ಟಿಗಳನ್ನೂ ಒಂದು ನೋಟ್‌ಬುಕ್ಕನ್ನೂ ತನ್ನಿ. ಕಾಲಂ ಎಳೆಯಲು ಸ್ಕೇಲು ನನ್ನ ಬಳಿ ಇದೆ.